ಹತ್ತನೇ ಕಾಲಂ



ದತ್ತಿ ಎಂಬ ಮಾತಿನಿಂದಲೇ ಶುರುಮಾಡುತ್ತೇನೆ. ಇವತ್ತು ನಮಗೆ ದತ್ತಿ ಅಂದರೆ ಬ್ಯಾಂಕಿನಲ್ಲಿಟ್ಟ ಠೇವಣಿ, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಸೇರುವ ಇಂಥದೊಂದು ಸಭೆ. ಶಾಸನಗಳ ಕಾಲದಲ್ಲಿ ದತ್ತಿಯೆಂದರೆ ಹೆಚ್ಚಾಗಿ ನೆಲವೇ. ಗದ್ದೆ, ಬೆದ್ದಲು, ತೋಟ, ಮನೆ ನಿವೇಶನ. ಕರಾವಳಿಯ ತಾಲೂಕುಗಳಲ್ಲಿ ಭೂಮಾಪಕನಾಗಿ ಸರಪಳಿ ಎಳೆದುಕೊಂಡು ತಿರುಗಿದ ನನಗೆ ಆ ಶಾಸನಗಳನ್ನು ಓದುವಾಗಲೆಲ್ಲ ಅಚ್ಚರಿಯಾಗುವುದು ಬರೆದವರ ಎಚ್ಚರ. ಕೊಟ್ಟವರು ಯಾರು, ಯಾವ ಕಾರಣಕ್ಕೆ ಕೊಟ್ಟರು, ಪಡೆದವರು ಯಾರು, ಮೂಡಲಿಗೆ ಏನು, ತೆಂಕಲಿಗೆ ಏನು, ಪಡುವಲಿಗೆ, ಬಡಗಲಿಗೆ ಏನು, ಸಾಕ್ಷಿ ಯಾರು, ಎಲ್ಲವೂ ಕಲ್ಲಿನ ಮೇಲೆ ಇರುತ್ತದೆ. ಕೊನೆಗೆ ಶಾಪಾಶಯ. ಕೊಟ್ಟ ನೆಲವನ್ನು ಕಿತ್ತುಕೊಂಡವನು, ತಾನೇ ಕೊಟ್ಟದ್ದಿರಲಿ ಬೇರೆಯವರು ಕೊಟ್ಟದ್ದಿರಲಿ, 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ನೆಲ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಬಂತು ಎಂಬುದನ್ನು ಮರೆಯಬಾರದು ಎಂಬ ಹಟ ಆ ಕಲ್ಲುಗಳಲ್ಲಿ ಎದ್ದು ಕಾಣುತ್ತದೆ.

ನಮ್ಮ ಪಹಣಿ ಪತ್ರಿಕೆಯಲ್ಲೂ ಆ ಹಟದ ಒಂದು ತುಣುಕು ಉಳಿದಿದೆ. ಒಂಬತ್ತನೇ ಕಾಲಮ್ಮಿನಲ್ಲಿ ಕಬ್ಜೇದಾರರ ಹೆಸರು. ಹತ್ತನೆಯದರಲ್ಲಿ ಸ್ವಾಧೀನತೆಯ ರೀತಿ. ಕ್ರಯವೋ, ಪೌತಿಯೋ, ಪಾಲೋ, ಮಂಜೂರಿಯೋ, ಭೂಸ್ವಾಧೀನವೋ, ಮ್ಯುಟೇಷನ್ ನಂಬರಿನ ಸಮೇತ. ಸಾಲಕ್ಕೆ ಹೋಗುವವರು ಒಂಬತ್ತನೆಯದನ್ನೂ ಹನ್ನೊಂದನೆಯದನ್ನೂ ನೋಡುತ್ತಾರೆ, ಹೆಸರು ಸರಿಯಿದೆಯೇ, ಋಣ ಏನಾದರೂ ಇದೆಯೇ ಎಂದು. ಹತ್ತನೆಯದನ್ನು ನಿಂತು ಓದುವವರು ಕಡಿಮೆ. ಅದರಲ್ಲೂ ಒಂಬತ್ತನೇ ಕಾಲಮ್ಮಿನಲ್ಲಿ ‘ಸರ್ಕಾರ’ ಎಂದಿದ್ದರೆ ಹತ್ತನೆಯದನ್ನು ಯಾರೂ ನೋಡುವುದೇ ಇಲ್ಲ. ಸರ್ಕಾರದ್ದು ಅಂದಮೇಲೆ ಮುಗಿಯಿತು, ಅದು ಹೇಗೆ ಸರ್ಕಾರದ್ದಾಯಿತು ಎಂದು ಕೇಳುವ ಅಗತ್ಯವೇನು ಎಂಬ ಭಾವನೆ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಸಾರ್ವಜನಿಕರ ಕೈಯಲ್ಲಿರುವ ಕಡಲಂಚಿನ ನೆಲದ ಬಗ್ಗೆ. ಅಂಥ ನೆಲ ತಮಗೆ ಬೇಕಾಗಿಲ್ಲ, ಹೆಚ್ಚುವರಿ, ಎಂದು ಸ್ಥಳೀಯ ಸರ್ಕಾರವೊಂದು ಹೇಳಹೊರಟಾಗ ಏನು ನಡೆಯುತ್ತದೆ, ಏನು ನಡೆಯಬೇಕು ಎಂಬುದು ನನ್ನ ವಿಷಯ. ಹೆಚ್ಚುವರಿ ಎಂಬುದು ನಮಗೆ ಹೊಸ ಪದವಲ್ಲ. ಭೂಸುಧಾರಣೆಯ ಕಾಲದಲ್ಲಿ ಒಡೆಯರ ಹತ್ತಿರ ಮಿತಿಗಿಂತ ಜಾಸ್ತಿ ಇದ್ದ ಭೂಮಿಗೆ ಈ ಹೆಸರಿತ್ತು. ಅಲ್ಲಿ ಅಳತೆಗೋಲು ಇತ್ತು, ಕಾಯ್ದೆ ಹಾಕಿದ ಮಿತಿ ಇತ್ತು. ಸರ್ಕಾರದ ಕೈಯಲ್ಲಿರುವ ನೆಲಕ್ಕೆ ಅಂಥ ಮಿತಿ ಇಲ್ಲ. ಯಾರೋ ಕೂತು ಠರಾವು ಮಾಡಿದಾಗ ಅದು ಹೆಚ್ಚುವರಿಯಾಗುತ್ತದೆ. ನೆಲದ ಮಣ್ಣಿನಲ್ಲಿ ಆ ಗುಣ ಇರುವುದಿಲ್ಲ. ಆದ್ದರಿಂದ ಆ ಠರಾವಿಗೆ ಮೊದಲು ಹತ್ತನೇ ಕಾಲಂ ಓದಲೇಬೇಕು ಎಂಬುದೇ ನನ್ನ ವಾದ. ಇದನ್ನು ತೋರಿಸಲು ನಮ್ಮ ಊರಿನ ಕಥೆಗಿಂತ ದೂರದ, ಆದರೆ ಕಾಗದಪತ್ರದಲ್ಲಿ ಮೊದಲಿನಿಂದ ಕೊನೆಯವರೆಗೆ ಸಿಗುವ ಒಂದು ಕಥೆಯನ್ನು ಆರಿಸಿಕೊಂಡಿದ್ದೇನೆ. ಅದು ಅಮೆರಿಕದ ಕ್ಯಾಲಿಫೋರ್ನಿಯದ ‘ಬ್ರೂಸಸ್ ಬೀಚ್’ ಎಂಬ ಜಾಗದ್ದು.

ಲಾಸ್ ಏಂಜಲೀಸ್ ನಗರದ ನೈರುತ್ಯಕ್ಕೆ ಶಾಂತಸಾಗರದ ದಂಡೆಯಲ್ಲಿ ಮ್ಯಾನ್‌ಹಟನ್ ಬೀಚ್ ಎಂಬ ಪಟ್ಟಣವಿದೆ. ಅದು ಪಟ್ಟಣವೆಂದು ನೋಂದಣಿಯಾದದ್ದು 1912ರಲ್ಲಿ. ಅದೇ ವರ್ಷ ವಿಲ್ಲಾ ಬ್ರೂಸ್ ಎಂಬ ಕಪ್ಪು ಜನಾಂಗದ ಹೆಂಗಸು 26 ಮತ್ತು 27ನೇ ಬೀದಿಗಳ ನಡುವೆ, ಸಮುದ್ರಕ್ಕೆ ಮುಖಮಾಡಿದ ಒಂದು ನಿವೇಶನವನ್ನು 1,225 ಡಾಲರಿಗೆ ಕೊಂಡಳು. ಗಂಡ ಚಾರ್ಲ್ಸ್ ರೈಲಿನ ಊಟದ ಬೋಗಿಯಲ್ಲಿ ಅಡುಗೆಯವನು. ಆಗ ಆ ಕರಾವಳಿಯಲ್ಲಿ ಕಪ್ಪು ಜನ ಸಮುದ್ರಸ್ನಾನಕ್ಕೆ ಇಳಿಯಬಹುದಾದ ಜಾಗಗಳು ಬೆರಳೆಣಿಕೆಯಷ್ಟೇ. ಕಾಗದದ ಮೇಲೆ ಎಲ್ಲರಿಗೂ ತೆರೆದಿದ್ದ ದಂಡೆಯಲ್ಲಿ ಬೈಗುಳ, ಬೆದರಿಕೆ, ಪೊಲೀಸರ ಕಾಟ ಇರುತ್ತಿತ್ತು. ತಾನು ದಂಡೆಯಲ್ಲಿ ಎಲ್ಲಿ ಜಾಗ ಕೇಳಿದರೂ ಇಲ್ಲವೆಂದರು, ಆದರೆ ಈ ಜಾಗ ತನ್ನದು, ಇದನ್ನು ಬಿಡುವುದಿಲ್ಲ ಎಂದು ವಿಲ್ಲಾ ಬ್ರೂಸ್ ಆ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಪತ್ರಿಕೆಯವರಿಗೆ ಹೇಳಿದ್ದಳು.

ಮೊದಲು ಸಣ್ಣ ತಿಂಡಿಯಂಗಡಿ, ಬಟ್ಟೆ ಬದಲಿಸುವ ಕೋಣೆ, ಬಾಡಿಗೆಗೆ ಈಜುಡುಗೆ. ಆಮೇಲೆ ಊಟದ ಮನೆ, ಕುಣಿತದ ಹಜಾರ, ಉಳಿದುಕೊಳ್ಳಲು ಕೋಣೆಗಳು. 1920ರಲ್ಲಿ ಪಕ್ಕದ ಇನ್ನೊಂದು ನಿವೇಶನವನ್ನೂ ಕೊಂಡರು. ಭಾನುವಾರ ಬಂತೆಂದರೆ ನಗರದಿಂದ ಕುಟುಂಬಗಳು ಬಂದು ಸೇರುತ್ತಿದ್ದವು. ಸುತ್ತಮುತ್ತ ಇನ್ನೂ ಕೆಲವು ಕಪ್ಪು ಕುಟುಂಬಗಳು ನಿವೇಶನ ಕೊಂಡು ಬೇಸಿಗೆಮನೆ ಕಟ್ಟಿಕೊಂಡವು. ಅವರಲ್ಲಿ ಸೈನ್ಯದಲ್ಲಿ ಪಾದ್ರಿಯಾಗಿದ್ದ ಮೇಜರ್ ಜಾರ್ಜ್ ಪ್ರಿಯೋಲೋ ಕುಟುಂಬವೂ ಇತ್ತು.

ನೆರೆಯ ಬಿಳಿಯರಿಗೆ ಇದು ಹಿಡಿಸಲಿಲ್ಲ. ಬ್ರೂಸ್ ಅವರ ಜಾಗಕ್ಕೂ ನೀರಿಗೂ ನಡುವೆ ಇದ್ದ ದಂಡೆ ಜಾರ್ಜ್ ಪೆಕ್ ಎಂಬ ದೊಡ್ಡ ಜಮೀನುದಾರನದು. ಅಲ್ಲಿ ಹಗ್ಗ ಕಟ್ಟಿ, ‘ಅತಿಕ್ರಮ ಪ್ರವೇಶ ನಿಷಿದ್ಧ’ ಎಂಬ ಬೋರ್ಡು ನೆಡಲಾಯಿತು. ಸ್ನಾನಕ್ಕೆ ಬಂದವರು ಅರ್ಧ ಮೈಲಿ ಸುತ್ತುಹಾಕಿ ನೀರಿಗೆ ಇಳಿಯಬೇಕಾಯಿತು. ಕಣ್ಣೆದುರಿಗೆ ಸಮುದ್ರ, ಹೋಗಲು ದಾರಿಯಿಲ್ಲ. ನಮ್ಮ ಕರಾವಳಿಯವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ವಾಹನ ನಿಲ್ಲಿಸಲು ಹತ್ತೇ ನಿಮಿಷ ಎಂಬ ಬೋರ್ಡುಗಳೂ ಬಂದವು. ಕಟ್ಟಡಕ್ಕೆ ಬೆಂಕಿ ಇಡುವ ಪ್ರಯತ್ನ, ಮುಸುಕು ಹಾಕಿದ ಜನಾಂಗದ್ವೇಷಿಗಳ ಬೆದರಿಕೆ, ಇವೆಲ್ಲ ಆ ಕಾಲದವರ ನೆನಪಿನಲ್ಲಿ ದಾಖಲಾಗಿವೆ. ಆದರೂ ಜನ ಬರುವುದನ್ನು ನಿಲ್ಲಿಸಲಿಲ್ಲ.

ಬೆಂಕಿಯಿಂದ ಆಗದ್ದು ಕಾಯ್ದೆಯಿಂದ ಆಯಿತು. 1924ರಲ್ಲಿ ಪಟ್ಟಣದ ಆಡಳಿತ ಮಂಡಳಿ ಬ್ರೂಸ್ ಅವರ ಎರಡು ನಿವೇಶನಗಳನ್ನೂ ಸುತ್ತಲಿನ ಜಾಗವನ್ನೂ ಸಾರ್ವಜನಿಕ ಉದ್ಯಾನಕ್ಕಾಗಿ ಸ್ವಾಧೀನಪಡಿಸಿಕೊಳ್ಳಲು ನಿರ್ಣಯಿಸಿತು. ಉದ್ದೇಶದ ಸಾಲಿನಲ್ಲಿ ಬರೆದದ್ದು ಉದ್ಯಾನ. ಊರಿಗೊಂದು ಉದ್ಯಾನ ಬೇಡ ಎನ್ನುವವರು ಯಾರು? ಭೂಸ್ವಾಧೀನದ ಕಡತಗಳನ್ನು ಹೊತ್ತು ತಿರುಗಿದ ನಾನು ಒಂದು ಮಾತು ಹೇಳಬಲ್ಲೆ. ಅಲ್ಲಿ ಉದ್ದೇಶ ಎಂಬ ಸಾಲು ಸದಾ ಒಳ್ಳೆಯದನ್ನೇ ಹೇಳುತ್ತದೆ. ಶಾಲೆ, ಆಸ್ಪತ್ರೆ, ಉದ್ಯಾನ, ರಸ್ತೆ. ಅದು ನಿಜವೇ ಎಂದು ತಿಳಿಯಲು ಹಿಂದಿನ ಪುಟಗಳನ್ನು ತಿರುವಬೇಕು, ಇದೇ ಸರ್ವೆ ನಂಬರು ಯಾಕೆ, ಪಕ್ಕದ್ದು ಯಾಕಲ್ಲ ಎಂದು ಕೇಳಬೇಕು. ಮ್ಯಾನ್‌ಹಟನ್ ಬೀಚಿನಲ್ಲಿ ಖಾಲಿ ಜಾಗಕ್ಕೆ ಬರವಿರಲಿಲ್ಲ. ಕಪ್ಪು ಕುಟುಂಬಗಳು ನೆಲೆಸಿದ್ದ ಬೀದಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಜನಾಂಗವೇ ಎಂದು ಭೂಮಿ ಕಳೆದುಕೊಂಡವರು ನ್ಯಾಯಾಲಯದಲ್ಲಿ ವಾದಿಸಿದರು. ವಾದ ನಿಲ್ಲಲಿಲ್ಲ. ಬ್ರೂಸ್ ದಂಪತಿ ಆಸ್ತಿಗೆ 70,000 ಡಾಲರ್, ನಷ್ಟಕ್ಕೆ 50,000 ಡಾಲರ್ ಕೇಳಿದ್ದರು. ಕೊನೆಗೆ ಸಿಕ್ಕಿದ್ದು 14,500. 1927ರಲ್ಲಿ ಕಟ್ಟಡಗಳನ್ನು ಕೆಡವಲಾಯಿತು. ಬೇರೆ ಕೆಲವು ಕುಟುಂಬಗಳು ಅದೇ ಪಟ್ಟಣದಲ್ಲಿ ಸಮುದ್ರದಿಂದ ದೂರಕ್ಕೆ ಜಾಗ ಹಿಡಿದವು. ಬ್ರೂಸ್ ದಂಪತಿಗೆ ಮತ್ತೆ ದಂಡೆಯಲ್ಲಿ ವ್ಯಾಪಾರ ನಡೆಸಲಾಗಲಿಲ್ಲ. ಲಾಸ್ ಏಂಜಲೀಸಿಗೆ ಹೋಗಿ ಬೇರೆಯವರ ಅಡುಗೆಮನೆಗಳಲ್ಲಿ ದುಡಿದು, ಕೆಲವೇ ವರ್ಷಗಳಲ್ಲಿ ಇಬ್ಬರೂ ತೀರಿಕೊಂಡರು.

ಉದ್ಯಾನ ಬಂತೇ? ಇಲ್ಲ. ಕೆಡವಿದ ಮೇಲೆ ಆ ಜಾಗ ಹತ್ತಲ್ಲ, ಇಪ್ಪತ್ತಲ್ಲ, ಸುಮಾರು ಮೂವತ್ತು ವರ್ಷ ಹಾಗೇ ಖಾಲಿ ಬಿದ್ದಿತ್ತು. ಮರಳು, ಹುಲ್ಲು, ಗಾಳಿ. ತುರ್ತೆಂದು ಕಿತ್ತುಕೊಂಡ ನೆಲ ಒಂದು ತಲೆಮಾರಿನ ಕಾಲ ಯಾರಿಗೂ ಬೇಡವಾಗಿತ್ತು. ಇಡೀ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡುವುದು ಆ ಮೂವತ್ತು ವರ್ಷ. ಬಳಸದೆ ಬಿಟ್ಟ ನೆಲವೇ ಆಡಳಿತದ ವಿರುದ್ಧದ ಅತಿ ದೊಡ್ಡ ಸಾಕ್ಷಿ, ಆದರೆ ಅದನ್ನು ಸಾಕ್ಷಿಯಾಗಿ ಕರೆಯುವ ಕಟಕಟೆ ಆಗ ಇರಲಿಲ್ಲ.

ಕಟ್ಟಡ ಕೆಡವಿದ ವರ್ಷ, 1927ರಲ್ಲೇ, ಇನ್ನೊಂದು ಸಂಗತಿ ನಡೆಯಿತು. ಕಟ್ಟಡ ಹೋದರೂ ಕಪ್ಪು ಜನ ಸ್ನಾನಕ್ಕೆ ಬರುವುದು ನಿಲ್ಲಲಿಲ್ಲ, ಸಾರ್ವಜನಿಕ ದಂಡೆಯಿಂದ ಅವರನ್ನು ಓಡಿಸಲು ಕಾಯ್ದೆಯ ಆಧಾರವೂ ಇರಲಿಲ್ಲ. ಆಗ ಪಟ್ಟಣದ ಆಡಳಿತ ದಂಡೆಯನ್ನು ಒಬ್ಬ ಖಾಸಗಿ ವ್ಯಕ್ತಿಗೆ ಹೆಸರಿಗೆ ಒಂದು ಡಾಲರಿನ ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆಯಾದ ಕೂಡಲೇ ಅದು ಖಾಸಗಿ ಜಾಗ. ಅಲ್ಲಿ ಕಾಲಿಟ್ಟವರನ್ನು ಅತಿಕ್ರಮಣದ ಹೆಸರಿನಲ್ಲಿ ಹಿಡಿಯಬಹುದು. ಹಾಗೆ ಹಿಡಿದರು ಕೂಡ. ಎಲಿಜಬೆತ್ ಕ್ಯಾಟ್ಲಿ ಎಂಬ 19 ವರ್ಷದ ವಿದ್ಯಾರ್ಥಿನಿಯನ್ನು ಈಜುಡುಗೆಯಲ್ಲೇ ಬಂಧಿಸಿದರು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ರಾಷ್ಟ್ರೀಯ ಸಂಘಟನೆಯ ಲಾಸ್ ಏಂಜಲೀಸ್ ಶಾಖೆಯ ಅಧ್ಯಕ್ಷ, ದಂತವೈದ್ಯ ಡಾ. ಎಚ್. ಕ್ಲಾಡ್ ಹಡ್ಸನ್ ಸಂಗಡಿಗರೊಂದಿಗೆ ಬಂದು, ಬೇಕೆಂದೇ ನೀರಿಗಿಳಿದು ಬಂಧನಕ್ಕೊಳಗಾದರು. ವಿಷಯ ದೊಡ್ಡದಾಯಿತು, ಗುತ್ತಿಗೆ ರದ್ದಾಯಿತು, ದಂಡೆ ಮತ್ತೆ ಎಲ್ಲರಿಗೂ ತೆರೆಯಿತು. ನಮ್ಮಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯುವುದಕ್ಕೆ ಮೂರು ವರ್ಷ ಮೊದಲು, ಇನ್ನೊಂದು ಸಮುದ್ರದ ಅಂಚಿನಲ್ಲಿ ಜನ ಹೀಗೆ ಕಾಯ್ದೆ ಮುರಿದು ದಂಡೆಯನ್ನು ಉಳಿಸಿಕೊಂಡಿದ್ದರು. ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಸಾರ್ವಜನಿಕ ನೆಲವನ್ನು ಮಾರದೆಯೂ ಜನರಿಂದ ಕಿತ್ತುಕೊಳ್ಳಬಹುದು, ಒಂದು ಡಾಲರಿನ ಗುತ್ತಿಗೆ ಪತ್ರ ಸಾಕು.

ಇನ್ನು ನೆಲದ ಖಾತೆ ಎಲ್ಲೆಲ್ಲಿ ಓಡಾಡಿತೆಂದು ನೋಡೋಣ. ಬ್ರೂಸ್ ಅವರದ್ದಾಗಿದ್ದ ದಂಡೆಯಂಚಿನ ಎರಡು ನಿವೇಶನಗಳು 1948ರಲ್ಲಿ ಪಟ್ಟಣದಿಂದ ಕ್ಯಾಲಿಫೋರ್ನಿಯ ರಾಜ್ಯಕ್ಕೆ ಹೋದವು. 1995ರಲ್ಲಿ ರಾಜ್ಯ ಅವನ್ನು ಲಾಸ್ ಏಂಜಲೀಸ್ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತಕ್ಕೆ, ವರ್ಗಾಯಿಸಿತು. ಸಾರ್ವಜನಿಕ ಕಡಲತೀರವಾಗಿಯೇ ಉಳಿಸಿಕೊಳ್ಳಬೇಕು, ಬೇರೆಯವರಿಗೆ ಕೊಡಬಾರದು ಎಂಬ ಷರತ್ತು ಹಾಕಿತು. ಅಲ್ಲಿ ಕೌಂಟಿಯ ಜೀವರಕ್ಷಕ ಪಡೆಯ ಕಚೇರಿ ಇತ್ತು. ಹಿಂಬದಿಯ ಏರು ಜಾಗ, ಬೇರೆ ಕುಟುಂಬಗಳಿಂದ ಪಡೆದದ್ದು, ಪಟ್ಟಣದ ಬಳಿಯೇ ಉಳಿದು ಬಹಳ ತಡವಾಗಿ ಮೆಟ್ಟಿಲುಮೆಟ್ಟಿಲಾದ ಹುಲ್ಲಿನ ಉದ್ಯಾನವಾಯಿತು. ಅದಕ್ಕೆ ಹೆಸರಿನ ಮೇಲೆ ಹೆಸರು. ಒಮ್ಮೆ ‘ಸಿಟಿ ಪಾರ್ಕ್’, ಒಮ್ಮೆ ‘ಬೇವ್ಯೂ ಟೆರೇಸ್ ಪಾರ್ಕ್’, ಆಮೇಲೆ ಮೆಕ್ಸಿಕೋದ ಸೋದರ ನಗರದ ನೆನಪಿಗೆ ‘ಪಾರ್ಕೆ ಕುಲಿಯಾಕಾನ್’. ಬ್ರೂಸ್ ಅವರ ಹೆಸರು ಬಂದದ್ದು 2007ರಲ್ಲಿ, ಅದೂ ಹಿಂದಿನ ವರ್ಷ ಮಂಡಳಿಯಲ್ಲಿ 3-2 ಮತಗಳಿಂದ ತೀರ್ಮಾನವಾಗಿ. ನಿಲ್ಲಿಸಿದ ಫಲಕದ ಬರಹದಲ್ಲಿ ಜಾರ್ಜ್ ಪೆಕ್‌ನನ್ನು ಹೊಗಳಿದ್ದಾರೆ, ನಡೆದದ್ದನ್ನು ಮೆದುವಾಗಿಸಿದ್ದಾರೆ ಎಂಬ ಆಕ್ಷೇಪ ಬಂತು.

ಈ ಎಂಬತ್ತು ವರ್ಷ ನೆನಪು ಸಾಯದೆ ಉಳಿದದ್ದು ಹೇಗೆ? ಕುಟುಂಬದವರು ಮಕ್ಕಳಿಗೆ ಹೇಳುತ್ತ ಬಂದರು. ಜೊತೆಗೆ ಒಂದು ಸಣ್ಣ ಕೆಲಸವೂ ನೆರವಾಯಿತು. ಆ ಪಟ್ಟಣದ ನಿವಾಸಿ ರಾಬರ್ಟ್ ಬ್ರಿಗಮ್ 1956ರಲ್ಲಿ ತನ್ನ ಸ್ನಾತಕೋತ್ತರ ಪದವಿಗೆ ಮ್ಯಾನ್‌ಹಟನ್ ಬೀಚಿನ ಕಪ್ಪು ಜನರ ಭೂ ಒಡೆತನವನ್ನೇ ವಿಷಯವಾಗಿ ಆರಿಸಿಕೊಂಡು ಪ್ರಬಂಧ ಬರೆದ. ಆಗ ಅದನ್ನು ಎಷ್ಟು ಜನ ಓದಿರಬಹುದು? ಅರವತ್ತು ವರ್ಷಗಳ ನಂತರ ಕಪ್ಪು ಜನರ ಕಡಲತೀರಗಳ ಚರಿತ್ರೆ ಬರೆದ ಆಲಿಸನ್ ರೋಸ್ ಜೆಫರ್ಸನ್ ಅಂಥವರಿಗೆ, ಪತ್ರಕರ್ತರಿಗೆ, ಕೊನೆಗೆ ಆಡಳಿತಕ್ಕೂ ಅದು ಆಧಾರವಾಯಿತು. ಇಲ್ಲಿ ಕೂತಿರುವ ಎಂ.ಎ. ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ತಮ್ಮ ಊರಿನ ಹಳೆಯ ಮ್ಯುಟೇಷನ್ ರಿಜಿಸ್ಟರಿನ ಕಡೆ ಒಮ್ಮೆ ಹೋಗಿ ಬನ್ನಿ.

2020ರ ಬೇಸಿಗೆಯಲ್ಲಿ, ಅಮೆರಿಕದಾದ್ಯಂತ ಜನಾಂಗನ್ಯಾಯದ ಹೋರಾಟ ನಡೆಯುತ್ತಿದ್ದಾಗ, ಕೇವಾನ್ ವಾರ್ಡ್ ಎಂಬ ಹೋರಾಟಗಾರ್ತಿ ಆ ಉದ್ಯಾನದಲ್ಲಿ ಜನರನ್ನು ಸೇರಿಸಿದರು. ನೆಲವನ್ನು ಹಿಂದಿರುಗಿಸಿ ಎಂಬ ಕೂಗು ಎದ್ದಿತು. ಪಟ್ಟಣದ ಮಂಡಳಿ 2021ರ ಏಪ್ರಿಲಿನಲ್ಲಿ ಹಿಂದೆ ನಡೆದದ್ದನ್ನು ಖಂಡಿಸಿತು, ಕ್ಷಮೆ ಎಂಬ ಪದವನ್ನು ಬಳಸಲು ಒಪ್ಪಲಿಲ್ಲ. ಕೌಂಟಿಯ ಮೇಲ್ವಿಚಾರಕಿಯರಾದ ಜಾನಿಸ್ ಹಾನ್ ಮತ್ತು ಹಾಲಿ ಮಿಚೆಲ್ ಬೇರೆ ದಾರಿ ಹಿಡಿದರು. ಎರಡು ನಿವೇಶನ ಈಗ ನಮ್ಮ ಹೆಸರಿನಲ್ಲಿದೆ, ನಾವೇ ಕೊಡುತ್ತೇವೆ ಎಂದರು.

ಕೊಡುತ್ತೇವೆ ಎಂದ ಮಾತ್ರಕ್ಕೆ ಕೊಡಲಾಗುವುದಿಲ್ಲ. ಇಲ್ಲಿ ಆಡಳಿತದ ಒಳಗಿನ ಕೆಲಸ ಶುರುವಾಗುತ್ತದೆ. ನನ್ನಂಥ ಕಚೇರಿಯ ಮನುಷ್ಯನಿಗೆ ಭಾಷಣಗಳಿಗಿಂತ ಈ ಕೆಲಸದ ಮೇಲೆ ಗೌರವ ಜಾಸ್ತಿ. 1995ರ ಷರತ್ತನ್ನು ತೆಗೆಯಲು ರಾಜ್ಯದ ಶಾಸನವೇ ಬೇಕಿತ್ತು. ಸ್ಟೀವನ್ ಬ್ರಾಡ್‌ಫರ್ಡ್ ಎಂಬ ಸೆನೆಟರ್ ಮಸೂದೆ ತಂದರು, ಅದು ಅವಿರೋಧವಾಗಿ ಪಾಸಾಯಿತು, ರಾಜ್ಯಪಾಲ ಗ್ಯಾವಿನ್ ನ್ಯೂಸಮ್ 2021ರ ಸೆಪ್ಟೆಂಬರ್ 30ರಂದು ಅದೇ ಜಾಗಕ್ಕೆ ಬಂದು ಸಹಿ ಹಾಕಿದರು. ಮುಂದೆ ವಾರಸುದಾರರು ಯಾರೆಂಬ ವಿಚಾರಣೆ. ವಂಶವೃಕ್ಷ, ಜನನ ಮರಣದ ದಾಖಲೆ, ನಮ್ಮಲ್ಲಿ ಪೌತಿ ಖಾತೆಗೆ ನೋಡುವಂತೆಯೇ. ವಿಲ್ಲಾ ಮತ್ತು ಚಾರ್ಲ್ಸ್ ಅವರ ಮರಿಮೊಮ್ಮಕ್ಕಳಿಬ್ಬರು ವಾರಸುದಾರರೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಒಬ್ಬ ವಕೀಲ ದಾವೆ ಹೂಡಿದ. ಸಾರ್ವಜನಿಕ ಆಸ್ತಿಯನ್ನು ಖಾಸಗಿಯವರಿಗೆ ಉಡುಗೊರೆ ಕೊಡಬಾರದೆಂದು ಕ್ಯಾಲಿಫೋರ್ನಿಯದ ಸಂವಿಧಾನ ಹೇಳುತ್ತದೆ, ಇದು ಉಡುಗೊರೆಯೇ ಅಲ್ಲವೇ ಎಂಬುದು ಅವನ ವಾದ. ಅದನ್ನು ತಳ್ಳಿಹಾಕುವಂತಿಲ್ಲ. ಅಂಥ ನಿಯಮ ಇಲ್ಲದಿದ್ದರೆ ಆಡಳಿತ ನಡೆಸುವವರು ತಮ್ಮ ನೆಂಟರಿಗೆಲ್ಲ ಕಡಲಂಚಿನ ಜಾಗ ಹಂಚಿಬಿಡುತ್ತಾರೆ. 2022ರ ಏಪ್ರಿಲಿನಲ್ಲಿ ನ್ಯಾಯಾಧೀಶ ಮಿಚೆಲ್ ಬೆಕ್ಲಾಫ್ ತೀರ್ಪು ಕೊಟ್ಟರು. ಸರ್ಕಾರವೇ ಮಾಡಿದ ಜನಾಂಗತಾರತಮ್ಯವನ್ನು ಸರಿಪಡಿಸುವುದು ಸಾರ್ವಜನಿಕ ಉದ್ದೇಶವೇ, ಆದ್ದರಿಂದ ಇದು ಉಡುಗೊರೆಯಾಗುವುದಿಲ್ಲ ಎಂದು. 1924ರಲ್ಲಿ ನೆಲವನ್ನು ಕಿತ್ತುಕೊಳ್ಳಲು ಬಳಸಿದ್ದು ‘ಸಾರ್ವಜನಿಕ ಉದ್ದೇಶ’ ಎಂಬ ಅದೇ ಎರಡು ಪದ. ತೊಂಬತ್ತೆಂಟು ವರ್ಷಗಳ ಮೇಲೆ ಹಿಂದಿರುಗಿಸಲೂ ಅವೇ ದಾರಿ ಮಾಡಿದವು.

2022ರ ಜೂನ್ 28ರಂದು ಕೌಂಟಿಯ ಐವರು ಮೇಲ್ವಿಚಾರಕರೂ ಒಮ್ಮತದಿಂದ ಮತ ಹಾಕಿದರು. ಜುಲೈ 20ರಂದು ಪತ್ರ ಕುಟುಂಬದ ಕೈಸೇರಿತು. ಜೀವರಕ್ಷಕರ ಕಚೇರಿಯನ್ನು ಎಬ್ಬಿಸಲಿಲ್ಲ. ಕೌಂಟಿ ವರ್ಷಕ್ಕೆ 4,13,000 ಡಾಲರ್ ಬಾಡಿಗೆ ಕೊಟ್ಟು ಅಲ್ಲೇ ಉಳಿಯಿತು. ಎರಡು ವರ್ಷದೊಳಗೆ ಕುಟುಂಬ ಬಯಸಿದರೆ ಕೌಂಟಿ 2 ಕೋಟಿ ಡಾಲರಿಗೆ ಮರಳಿ ಕೊಳ್ಳಬೇಕೆಂಬ ಕರಾರೂ ಇತ್ತು. 2023ರ ಜನವರಿಯಲ್ಲಿ ಕುಟುಂಬ ಹಾಗೆಯೇ ಮಾಡಿತು. ಹಿಂದಿರುಗಿ ಬಂದ ನೆಲ ಆರೇ ತಿಂಗಳಲ್ಲಿ ಮತ್ತೆ ಕೌಂಟಿಗೆ ಹೋಯಿತು.

ಇದನ್ನು ಕೇಳಿ ಬೇಸರಪಟ್ಟವರಿದ್ದಾರೆ. ಇಷ್ಟೆಲ್ಲ ಹೋರಾಡಿ ಮಾರಿಬಿಟ್ಟರೇ ಎಂದು. ನನಗೆ ಹಾಗೆನಿಸುವುದಿಲ್ಲ. ಆ ನಿವೇಶನಗಳ ವಲಯ ಸಾರ್ವಜನಿಕ ಬಳಕೆಯದು, ಅದನ್ನು ಬದಲಿಸುವ ಅಧಿಕಾರ ಪಟ್ಟಣದ ಕೈಯಲ್ಲಿ. ಕುಟುಂಬ ಅಲ್ಲಿ ಮತ್ತೆ ಊಟದ ಮನೆಯನ್ನೋ ವಸತಿಯನ್ನೋ ಕಟ್ಟುವುದು ಹೆಚ್ಚುಕಡಿಮೆ ಆಗದ ಮಾತು. ಹಕ್ಕು ಬಂತು, ಬಳಸುವ ದಾರಿ ಬರಲಿಲ್ಲ. ಮಾರುವ ಹಕ್ಕು ಕೂಡ ಒಡೆತನದ ಭಾಗವೇ. ಅದನ್ನು ಬಳಸಿದರೆಂದು ಅವರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ನನ್ನ ಸಂಕಟ ಬೇರೆ ಕಡೆ ಇದೆ. ಏರಿನ ಮೇಲಿನ ಹುಲ್ಲಿನ ಉದ್ಯಾನ ಇದೆಯಲ್ಲ, ಪ್ರಿಯೋಲೋ ಮತ್ತಿತರ ಕುಟುಂಬಗಳ ನಿವೇಶನಗಳು ಅದರೊಳಗೆ ಸೇರಿಹೋಗಿವೆ. ಕೌಂಟಿಯ ಹೆಸರಿನಲ್ಲಿ ಇದ್ದದ್ದು ಎರಡೇ ನಿವೇಶನ, ಕೌಂಟಿ ಕೊಟ್ಟದ್ದೂ ಎರಡೇ. ಖಾತೆ ಯಾರ ಹೆಸರಿಗೆ ಹೋಯಿತು ಎಂಬ ಒಂದು ಆಕಸ್ಮಿಕ ಯಾರಿಗೆ ನ್ಯಾಯ ಸಿಗಬೇಕು ಎಂಬುದನ್ನು ತೀರ್ಮಾನಿಸಿಬಿಟ್ಟಿತು.

ಅದೇ ಕ್ಯಾಲಿಫೋರ್ನಿಯದಲ್ಲಿ 1968ರಿಂದ ಹೆಚ್ಚುವರಿ ಭೂಮಿ ಕಾಯ್ದೆ ಎಂದೊಂದಿದೆ. 2019ರಲ್ಲಿ ಅದನ್ನು ಬಿಗಿಗೊಳಿಸಿದರು. ಸ್ಥಳೀಯ ಸಂಸ್ಥೆ ತನ್ನ ನೆಲವನ್ನು ವಿಲೇವಾರಿ ಮಾಡಬೇಕಾದರೆ ಮೊದಲು ಬಹಿರಂಗ ಸಭೆಯಲ್ಲಿ, ಕಾರಣ ಬರೆದು, ಅದು ಹೆಚ್ಚುವರಿ ಎಂದು ಘೋಷಿಸಬೇಕು. ಬಡವರಿಗೆ ಮನೆ ಕಟ್ಟುವವರಿಗೆ, ಉದ್ಯಾನ ಮತ್ತು ಶಾಲೆಗಳ ಸಂಸ್ಥೆಗಳಿಗೆ ತಿಳಿಸಿ 60 ದಿನ ಕಾಯಬೇಕು. ಯಾರಾದರೂ ಬಂದರೆ 90 ದಿನ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು. ತಪ್ಪಿದರೆ ಮೊದಲ ಸಲ ಮಾರಾಟದ ಬೆಲೆಯ ಶೇಕಡಾ 30, ಮತ್ತೆ ತಪ್ಪಿದರೆ 50 ದಂಡ. ಒಳ್ಳೆಯ ಕಾಯ್ದೆ. ನಮ್ಮ ಪುರಸಭೆಗಳಿಗೆ ಇದರ ಅರ್ಧ ಬಂದರೂ ಎಷ್ಟೋ ಕೆಡುಕು ತಪ್ಪುತ್ತದೆ. ಆದರೆ ನೆಲ ಮುಂದೆ ಯಾರಿಗೆ ಹೋಗಬೇಕೆಂದು ಇಷ್ಟು ವಿವರವಾಗಿ ವಿಚಾರಿಸುವ ಈ ಕ್ರಮದಲ್ಲಿ, ನೆಲ ಹಿಂದೆ ಯಾರಿಂದ ಬಂತು ಎಂಬ ಪ್ರಶ್ನೆಗೆ ಜಾಗವಿಲ್ಲ. ಬ್ರೂಸ್ ಕುಟುಂಬಕ್ಕೆ ಪ್ರತ್ಯೇಕ ಶಾಸನ ಬೇಕಾದದ್ದೇ ಅದಕ್ಕೆ ಪುರಾವೆ.

ನಮ್ಮಲ್ಲಿ ಆ ಪ್ರಶ್ನೆಗೆ ಜಾಗ ಇದೆಯೇ? ಕರಾವಳಿಯಲ್ಲಿ ನಾನು ಕೆಲಸ ಮಾಡಿದ ಕಾಲಕ್ಕೆ ಸರ್ಕಾರ ಭೂಮಿ ತೆಗೆದುಕೊಳ್ಳುತ್ತಿದ್ದದ್ದು 1894ರ ಭೂಸ್ವಾಧೀನ ಕಾಯ್ದೆಯ ಕೆಳಗೆ. ತೆಗೆದುಕೊಂಡ ಮೇಲೆ ಬಳಸದಿದ್ದರೂ ಹಿಂದಿರುಗಿಸುವ ಬಾಧ್ಯತೆ ಅದರಲ್ಲಿರಲಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟು ಹೀಗೆ ಹೇಳಿತು. ಸ್ವಾಧೀನವಾದ ಭೂಮಿಯಲ್ಲಿ ಉಳಿಕೆಯಾದರೆ ಬೇರೆ ಸಾರ್ವಜನಿಕ ಕೆಲಸಕ್ಕೆ ಬಳಸಬಹುದು. ಅಂಥ ಕೆಲಸವೂ ಇಲ್ಲವಾದರೆ ಹಳೆಯ ಒಡೆಯನಿಗೆ ಕೊಡುವ ಬದಲು ಬಹಿರಂಗ ಹರಾಜು ಹಾಕಬೇಕು. ಹಣ ಜನರ ಬೊಕ್ಕಸಕ್ಕೆ ಬರಲಿ, ಒಬ್ಬನಿಗೆ ಹಳೆಯ ಬೆಲೆಗೆ ಲಾಭ ಮಾಡಿಕೊಡುವುದು ಬೇಡ ಎಂಬುದು ಅದರ ಹಿಂದಿನ ವಿಚಾರ. ಅದಕ್ಕೆ ಬೆಲೆಯಿದೆ. ಆದರೆ ಕಡಲಂಚಿನ ಜಾಗದ ಹರಾಜಿನಲ್ಲಿ ಕೂಗು ಹಾಕುವವರು ಯಾರು? ಬಲೆ ಒಣಗಿಸುವವರಲ್ಲ, ಮೀನು ಒಣಗಿಸಿ ಸಂತೆಗೆ ಹೊರುವ ಹೆಂಗಸರಲ್ಲ.

2013ರ ಹೊಸ ಭೂಸ್ವಾಧೀನ ಕಾಯ್ದೆಯ 101ನೇ ಕಲಮಿನಲ್ಲಿ ಮೊದಲ ಬಾರಿಗೆ ಬೇರೆ ಮಾತು ಬಂತು. ವಶಕ್ಕೆ ಪಡೆದ ಮೇಲೆ ಐದು ವರ್ಷ ಬಳಸದೆ ಬಿಟ್ಟ ಭೂಮಿಯನ್ನು ಮೂಲ ಒಡೆಯರಿಗೆ, ಇಲ್ಲವೆ ಅವರ ವಾರಸುದಾರರಿಗೆ ಹಿಂದಿರುಗಿಸಬೇಕು, ಅಥವಾ ಸರ್ಕಾರದ ಭೂಬ್ಯಾಂಕಿಗೆ ಸೇರಿಸಬೇಕು. ಮ್ಯಾನ್‌ಹಟನ್ ಬೀಚಿನ ಮೂವತ್ತು ವರ್ಷದ ಎದುರಿಗೆ ನಮ್ಮ ಕಾಯ್ದೆಯ ಈ ಐದು ವರ್ಷವನ್ನು ಇಟ್ಟು ನೋಡಿ. ಹೆಮ್ಮೆಪಡಬೇಕಾದ ಮಾತೇ. ಆದರೆ ಎರಡು ಕಡೆ ನನ್ನ ಬೆರಳು ನಿಲ್ಲುತ್ತದೆ. ಒಂದು, ಆ ‘ಅಥವಾ’. ಒಡೆಯನಿಗೋ ಭೂಬ್ಯಾಂಕಿಗೋ ಎಂಬುದನ್ನು ಸರ್ಕಾರಕ್ಕೇ ಬಿಟ್ಟರೆ ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳುವ ಅಗತ್ಯವಿಲ್ಲ. ಎರಡು, ಕಲಮು ಹೇಳುವುದು ಈ ಕಾಯ್ದೆಯ ಕೆಳಗೆ ಪಡೆದ ಭೂಮಿಯ ಬಗ್ಗೆ. 1894ರ ಕಾಯ್ದೆಯಲ್ಲಿ ಹೋದ ನೆಲದ ಬಗ್ಗೆ ಅದು ಮಾತಾಡುವುದಿಲ್ಲ.

ಕಡಲಂಚಿನಲ್ಲಿ ಇನ್ನೊಂದು ತೊಡಕಿದೆ. ನಮ್ಮ ಬಹಳಷ್ಟು ಹೊಯ್ಗೆಯ ದಂಡೆ ಯಾರಿಂದಲೂ ಸ್ವಾಧೀನವಾದದ್ದೇ ಅಲ್ಲ. ಪರಂಬೋಕು ಎಂದೋ, ಬಿ ಖರಾಬು ಎಂದೋ ಮೊದಲಿನಿಂದಲೂ ಸರ್ಕಾರದ ಲೆಕ್ಕದಲ್ಲಿದೆ. ರಂಪಣಿ ಬಲೆ ಎಳೆದ ದಂಡೆ, ದೋಣಿ ಏರಿಸಿಟ್ಟ ಜಾಗ, ಮಳೆಗಾಲ ಬರುವ ಮುನ್ನ ಮೀನು ಒಣಹಾಕುವ ಬಯಲು, ಯಾವುದಕ್ಕೂ ಪತ್ರ ಇಲ್ಲ. ಹತ್ತನೇ ಕಾಲಂ ಅಲ್ಲಿ ಖಾಲಿ. 2011ರಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹಳ್ಳಿಗಳ ಸಾಮೂಹಿಕ ನೆಲದ ಬಗ್ಗೆ ಖಡಾಖಂಡಿತವಾಗಿ ಹೇಳಿದ ಮಾತುಗಳು ಇಲ್ಲಿ ನೆರವಿಗೆ ಬರುತ್ತವೆ. ಆದರೆ ಆ ತೀರ್ಪನ್ನು ಹಿಡಿದು ಹೋಗುವವರು ಬೇಕು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಲ್ಲಿ ಕಟ್ಟಡ ನಿಷಿದ್ಧ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿದೆ. ನಿನ್ನೆಯವರೆಗೆ ಏನೂ ಕಟ್ಟಲಾಗದಿದ್ದ ಜಾಗಕ್ಕೆ ಒಮ್ಮೆಲೇ ಬೆಲೆ. ಹೆಚ್ಚುವರಿ ಎಂಬ ಪದ ಪಂಚಾಯಿತಿಯ ಮೇಜಿನ ಮೇಲೆ ಬರುವುದು ಇಂಥ ಹೊತ್ತಿನಲ್ಲೇ.

ನನ್ನದೇ ಒಂದು ತಪ್ಪನ್ನು ಹೇಳಬೇಕು, ಇಲ್ಲದಿದ್ದರೆ ಈ ಮಾತುಗಳನ್ನಾಡುವ ಅರ್ಹತೆ ನನಗಿಲ್ಲ. ಬಹಳ ವರ್ಷಗಳ ಹಿಂದೆ ಕಡಲಂಚಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಜಾಗವೊಂದನ್ನು ಅಳೆಯಲು ನನ್ನನ್ನು ಕಳಿಸಿದ್ದರು. ಯಾವುದೋ ಕಟ್ಟಡಕ್ಕೆಂದು ಹಿಂದೆ ಪಡೆದು, ಕಟ್ಟದೆ ಬಿಟ್ಟ ಜಾಗ. ಸ್ಥಳೀಯ ಸಂಸ್ಥೆಗೆ ಅದನ್ನು ಗುತ್ತಿಗೆಗೆ ಕೊಡುವ ಯೋಚನೆ. ಹಳೆಯ ಗ್ರಾಮನಕ್ಷೆಯಲ್ಲಿ ಆ ನಂಬರಿನ ನಡುವೆ ಚುಕ್ಕೆ ಗೆರೆಯ ಕಾಲುದಾರಿಯೊಂದು ಊರಿನಿಂದ ನೀರಿಗೆ ಹೋಗುತ್ತಿತ್ತು. ಬೆಳಿಗ್ಗೆ ನಾನು ಅಳೆಯುತ್ತಿದ್ದಾಗ ಬುಟ್ಟಿ ಹೊತ್ತ ಹೆಂಗಸರು ಅದೇ ದಾರಿಯಲ್ಲಿ ಬಂದರು. ಅವರಲ್ಲಿ ವಯಸ್ಸಾದವರೊಬ್ಬರು ನಿಂತು, ‘ಏನ್ ಮಗಾ, ಎಂತ ಅಳೀತೆ?’ ಎಂದು ಕೇಳಿದರು. ಸರ್ಕಾರಿ ಜಾಗ ಅಮ್ಮ, ಎಂದೆ. ‘ಹೌದಾ, ಇದ್ ನಮ್ ಅಪ್ಪಯ್ಯಂದಾಯಿತ್’ ಎಂದು ಹೇಳಿ ಬುಟ್ಟಿ ಸರಿಮಾಡಿಕೊಂಡು ನಡೆದರು. ಅವರ ತಂದೆಯ ಹೆಸರನ್ನು ನಾನು ಕೇಳಲಿಲ್ಲ. ಹಳೆಯ ಸ್ವಾಧೀನದ ಕಡತವನ್ನು ತರಿಸಿ ನೋಡಲಿಲ್ಲ. ನನಗೆ ಕೇಳಿದ್ದು ವಿಸ್ತೀರ್ಣ ಮಾತ್ರ, ನಾನು ಕೊಟ್ಟದ್ದೂ ಅಷ್ಟೇ. ಸ್ಕೆಚ್ಚಿನಲ್ಲಿ ಚುಕ್ಕೆ ಗೆರೆಯನ್ನು ಎಳೆದೆ, ಆದರೆ ವರದಿಯಲ್ಲಿ ಕಾಲುದಾರಿ ಬಳಕೆಯಲ್ಲಿದೆ ಎಂಬ ಒಂದು ವಾಕ್ಯವನ್ನು ಬರೆಯಲಿಲ್ಲ.

ಮರುವರ್ಷ ಆ ಕಡೆ ಹೋದಾಗ ಬೇಲಿ ಬಂದಿತ್ತು. ಹೆಂಗಸರು ಅಳಿವೆಯ ಕಡೆಯಿಂದ ಸುತ್ತಿಕೊಂಡು ಬರುತ್ತಿದ್ದರು.

ಈ ದತ್ತಿಯ ಸಂಚಾಲಕರಲ್ಲಿ ನನ್ನದೊಂದು ಕೋರಿಕೆ ಇದೆ. ಇವತ್ತಿನ ಉಪನ್ಯಾಸಕ್ಕೆ ನನಗೆ ಕೊಡುವ ಗೌರವಧನವನ್ನು ಈ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳ ಬಸ್ ಖರ್ಚಿಗೆ ಇಟ್ಟುಕೊಳ್ಳಿ. ಸುತ್ತಲಿನ ಕಡಲಂಚಿನ ಗ್ರಾಮಗಳಲ್ಲಿ ಒಂದನ್ನು ಆರಿಸಿಕೊಂಡು, ಪಹಣಿಯಲ್ಲಿ ‘ಸರ್ಕಾರ’ ಎಂದಿರುವ ಪ್ರತಿ ನಂಬರಿಗೂ ಅದು ಹೇಗೆ ಬಂತೆಂದು ಹಳೆಯ ರಿಜಿಸ್ಟರು ನೋಡಿ, ಊರಿನ ಹಿರಿಯರನ್ನು ಕೇಳಿ ಬರೆಯಲಿ. ನಕ್ಷೆಯಲ್ಲಿ ಎಲ್ಲೆಲ್ಲಿ ಚುಕ್ಕೆ ಗೆರೆ ಸಮುದ್ರ ಮುಟ್ಟುತ್ತದೆಯೋ ಅಲ್ಲೆಲ್ಲ ನಡೆದು ನೋಡಲಿ. ಬರೆದದ್ದರ ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಲಿ. ನಕ್ಷೆ ಓದುವುದನ್ನು ನಾನು ಕಲಿಸುತ್ತೇನೆ. ಸರಪಳಿ ನನ್ನ ಮನೆಯಲ್ಲಿ ಇನ್ನೂ ಇದೆ.